ದೊಡ್ಡ ಕಾರುಗಳ ಮಾರಾಟದ ಏರಿಳಿತ

ಸಂಜೆಯ ಹೊತ್ತು ಬೈಕುಲ್ಲಾ ಸೇತುವೆಯ ಮೇಲೆ ದೊಡ್ಡ ಕಾರುಗಳದೇ ಸಾಲು. ನಮ್ಮ ವಾಚಕರಲ್ಲಿ ಅವುಗಳನ್ನು ಕೊಳ್ಳಬಲ್ಲವರು ವಿರಳ. ಆದರೂ ಹೋಟೆಲಿನ ಕೆಲಸ ಬಿಟ್ಟು, ಸಾಲವೆತ್ತಿ, ಪ್ರವಾಸಿಗರಿಗಾಗಿ ದೊಡ್ಡ ಗಾಡಿಯೊಂದನ್ನು ಓಡಿಸಬೇಕೆಂಬ ಹಂಬಲವುಳ್ಳ ತರುಣರು ನಮ್ಮಲ್ಲಿ ಇಲ್ಲದಿಲ್ಲ. ಈ ವ್ಯಾಪಾರದ ಭರತ ಇಳಿತಗಳ ಕಾರಣವನ್ನು ಅವರಾದರೂ ತಿಳಿದಿರುವುದು ಅವಶ್ಯ.

ಬೈಕುಲ್ಲಾಕ್ಕೆ ದೂರವಲ್ಲದ ಶಿವಡಿಯಲ್ಲಿ ಅಮೇರಿಕೆಯ ಜನರಲ್ ಮೋಟರ್ಸ್ ಕಂಪೆನಿಯು 1928ರಿಂದ ಬಿಡಿಭಾಗಗಳನ್ನು ತರಿಸಿ ಕಾರುಗಳನ್ನು ಜೋಡಿಸುತ್ತಿತ್ತು. ವಾಲಚಂದ ಹಿರಾಚಂದರು ಸ್ಥಾಪಿಸಿದ ಪ್ರೀಮಿಯರ್ ಕಂಪೆನಿಯು ಕುರ್ಲಾದಲ್ಲಿ ಡಾಜ್, ಪ್ಲಿಮತ್ ಮೊದಲಾದ ಭಾರೀ ಗಾಡಿಗಳನ್ನು ಹೊರತಂದಿತು. ಆದರೆ 1953ರಲ್ಲಿ ಸರಕಾರವು, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವ ಕಂಪೆನಿಗಳಿಗೆ ಎಡೆಯಿಲ್ಲವೆಂದು ಗೊತ್ತುಪಡಿಸಿತು. ಮರುವರ್ಷ ಶಿವಡಿಯ ಕಾರಖಾನೆ ಮುಚ್ಚಿತು. ಕುರ್ಲಾದಲ್ಲಿ ಫಿಯಟ್ 1100 ಮುಂದೆ ಬಂದಿತು. ಗಿರಾಕಿಯ ಅಭಿರುಚಿ ಬದಲಾದುದರಿಂದ ಆದುದಲ್ಲ ಇದು. ಸರಕಾರದ ನೀತಿಯೂ ವಿದೇಶೀ ವಿನಿಮಯದ ಅಭಾವವೂ ಕೂಡಿ ಮಾಡಿದ ಕೆಲಸ. ಆ ಫಿಯಟ್ಟೇ ಮುಂದೆ ಪದ್ಮಿನಿಯೆನಿಸಿ, ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರದವರೆಗೂ ಮುಂಬಯಿಯ ಜನರನ್ನು ಹೊತ್ತು ತಿರುಗಿತು.

ಅಮೇರಿಕೆಯಲ್ಲಾದರೋ ಎಣ್ಣೆಯೇ ಪ್ರಭು. 1973ರಲ್ಲಿ ಅರಬ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದಾಗ ಅದರ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಅಲ್ಲಿನ ದೊಡ್ಡ ಕಾರುಗಳು ಮಳಿಗೆಗಳಲ್ಲೇ ಉಳಿದವು. 1986ರಲ್ಲಿ ಎಣ್ಣೆ ಅಗ್ಗವಾಯಿತು. ಭಾರೀ ಗಾಡಿಗಳ ಮೇಲಿನ ಮೋಹ ಮರಳಿತು. 2008ರಲ್ಲಿ ಬೆಲೆ ಮತ್ತೆ ಗಗನಕ್ಕೇರಿತು. ಮರುವರ್ಷ ಜನರಲ್ ಮೋಟರ್ಸ್ ಕಂಪೆನಿಯೇ ದಿವಾಳಿಯೆದ್ದಿತು. ಕಾರು ಹತ್ತಾರು ವರ್ಷ ಬಾಳುವ ವಸ್ತುವಾದರೂ ಜನರು ಇಂದಿನ ಎಣ್ಣೆಯ ಬೆಲೆಯೇ ಶಾಶ್ವತವೆಂದು ನಂಬಿ ಕೊಳ್ಳುವುದು ವಿಚಿತ್ರವೇ ಸರಿ!

ಇನ್ನೊಂದು ಕಾರಣವನ್ನು ಹೋಟೆಲಿನ ಗಲ್ಲೆಯಲ್ಲಿ ಕುಳಿತವರು ಸುಲಭವಾಗಿ ಬಲ್ಲರು. ಕೈ ಬಿಗಿಯಾದಾಗ ಗಿರಾಕಿಯು ಇಡ್ಲಿ-ಚಹಾವನ್ನು ಬಿಡುವುದಿಲ್ಲ, ಸಿಹಿತಿಂಡಿಯನ್ನು ಬಿಡುವನು. ಹೊಸ ಕಾರು ಆ ಸಿಹಿತಿಂಡಿಯಂತೆ. ಹಳೆಯದನ್ನೇ ಇನ್ನೆರಡು ವರ್ಷ ಓಡಿಸಿದರಾಯಿತು. ಆದುದರಿಂದ ಆದಾಯ ತುಸು ಕುಗ್ಗಿದರೂ ಮಾರಾಟ ಬಹಳ ಕುಗ್ಗುವುದು.

ನಮ್ಮ ದೇಶದಲ್ಲಿ ಈಗ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎತ್ತರದ, ಜೀಪಿನ ಮಾದರಿಯ ಗಾಡಿಗಳು. ಎಲ್ಲರೂ ಸಿರಿವಂತರಾದರೆಂದು ಇದರಿಂದ ತಿಳಿಯಲಾಗದು. 2020ರಲ್ಲಿ ಹೊಗೆಯ ಹೊಸ ನಿಯಮಗಳು ಬಂದ ಬಳಿಕ ಸಣ್ಣ ಕಾರುಗಳೂ ತುಟ್ಟಿಯಾದವು. ಗುಮಾಸ್ತನ ತರಗತಿಯ ಗಿರಾಕಿ ಮಳಿಗೆಯಿಂದ ಹೊರನಡೆದನು. ಉಳಿದವರು ಉಳ್ಳವರು. ದೊಡ್ಡ ಗಾಡಿಗಳ ಪಾಲು ಹೆಚ್ಚಿದುದರಲ್ಲಿ ಇದರ ಅಂಶ ಬಹಳವಿದೆಯೆಂಬುದು ನಮ್ಮ ಅಭಿಪ್ರಾಯ.

2025ರ ಸೆಪ್ಟೆಂಬರ 22ರಿಂದ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನಿನ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹೆಚ್ಚುವರಿ ಕರವೂ ಸೇರಿ ಶೇಕಡಾ 50ರವರೆಗೆ ತೆರುತ್ತಿದ್ದ ದೊಡ್ಡ ಗಾಡಿಗಳಿಗೆ ಈಗ 40. ಹತ್ತು ಲಕ್ಷ ರೂಪಾಯಿ ಮೂಲಬೆಲೆಯ ಅಂಥ ಗಾಡಿಗೆ ಹದಿನೈದು ಲಕ್ಷ ಕೊಡಬೇಕಾಗಿದ್ದವನು ಹದಿನಾಲ್ಕು ಕೊಟ್ಟರೆ ಸಾಕು. ಸಾಲದ ಬಡ್ಡಿ, ವಿಮೆ, ಡೀಸೆಲು ಇವುಗಳ ಲೆಕ್ಕ ಬೇರೆ.