ಮೆಣಸಿನಕಾಯಿ ಪೇಟೆಯಲ್ಲಿ ಉಸಿರಿನ ಖಾತೆ

ಬ್ಯಾಡಗಿ: ಸೋಮವಾರ, ಗುರುವಾರ ಬಂತೆಂದರೆ ಬ್ಯಾಡಗಿ ಬಸ್ಸಿನಲ್ಲಿ ಕಂಡಕ್ಟರ್ ಊರಿನ ಹೆಸರು ಕೂಗುವುದೇ ಬೇಡ. ಕಿಟಕಿ ಪಕ್ಕದವರು ಸೀನತೊಡಗಿದರೆ ಊರು ಬಂತೆಂದೇ ಅರ್ಥ! ಹೊಸಬರು ಗಾಬರಿಯಿಂದ ಕರ್ಚೀಫು ಹುಡುಕುತ್ತಾರೆ. ಹಳಬರು ನಕ್ಕು, "ಇದ ನೋಡ್ರಿ ನಮ್ಮೂರ ಸ್ವಾಗತ" ಅನ್ನುತ್ತಾರೆ.

ಸುಗ್ಗಿಯಲ್ಲಿ ಒಂದೇ ದಿನ ಲಕ್ಷಗಟ್ಟಲೆ ಚೀಲ ಕೆಂಪು ಮೆಣಸಿನಕಾಯಿ ಬಂದು ಬೀಳುವ ಮಾರುಕಟ್ಟೆ ಇದು. ಖಾರ ಕಡಿಮೆ, ಬಣ್ಣ ಜೋರು ಎಂಬುದು ಇಲ್ಲಿಯ ಕಾಯಿಯ ಖ್ಯಾತಿ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಇದರ ಬಣ್ಣ ಸಾರಿಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಆದರೆ ಊರಿಗೆ ಅನ್ನ ಹಾಕುವ ಕಾಯಿಯೇ ಕೆಲವರ ಉಸಿರಿಗೆ ಕುತ್ತಾದರೆ?

ಇಲ್ಲೊಬ್ಬ ದಲಾಲರಿದ್ದಾರೆ. ಹೆಸರು ಬರುವುದು ಬೇಡ ಎಂಬುದು ಅವರ ಕೋರಿಕೆ. ವಯಸ್ಸು ಐವತ್ತು ದಾಟಿದೆ. ಅಪ್ಪನ ಕಾಲದ ದಲಾಲಿ ಅಂಗಡಿ, ನಾಲ್ಕು ಜನ ಹಮಾಲರು, ಮನೆ ತುಂಬ ಮಂದಿ. ಎಲ್ಲಾ ಇದೆ, ಉಸಿರೊಂದು ಬಿಟ್ಟು! ಇಪ್ಪತ್ತು ವರ್ಷದಿಂದ ದಮ್ಮು. ರಾತ್ರಿ ಎರಡು ಗಂಟೆಗೆ ಎದ್ದು ಕೂತರೆ ಬೆಳಕು ಹರಿಯುವ ತನಕ ಮುಂದಕ್ಕೆ ಬಾಗಿ, ಮಂಡಿ ಮೇಲೆ ಕೈಯೂರಿ ಕೂತೇ ಇರಬೇಕು. ಎದೆಯೊಳಗೆ ಸುಂಯ್ ಸುಂಯ್ ಸದ್ದು. ಮನೆಯಾಕೆ ಬೆನ್ನು ನೀವುತ್ತ ದೇವರನ್ನು ನೆನೆಯುವುದು.

ಡಾಕ್ಟರೊಬ್ಬರು ಮೊದಲೇ ಹೇಳಿದ್ದರು: "ಈ ಧಂದೆ ಬಿಡ್ರಿ ಸಾಹುಕಾರ್ರ, ಊರೂ ಬಿಡ್ರಿ."

"ಧಂದೆ ಬಿಟ್ಟು ತಿನ್ನೂದೇನ್ರಿ, ಗಾಳೀನಾ? ಅದೂ ಒಳಗ ಹೋಗವಲ್ದು!" ಎಂದು ದಲಾಲರು ಎದ್ದು ಬಂದರು.

ಮಿರಗದ ಮದ್ದು, ಮೀನಿನ ಮದ್ದು

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಅಲ್ಲಿಂದ ಶುರುವಾಯಿತು ದಲಾಲರ ತೀರ್ಥಯಾತ್ರೆ.

ಮೃಗಶಿರಾ ಮಳೆ ಕೂಡುವ ಹೊತ್ತು, ಅಂದರೆ ಜೂನ್ 7-8ರ ಸುಮಾರಿಗೆ, ಕೊಪ್ಪಳ ಸೀಮೆಯಲ್ಲಿ ದಮ್ಮಿನ ಮದ್ದು ಕೊಡುವ ವಾಡಿಕೆ ಉಂಟು. ದಲಾಲರು ಅಲ್ಲಿ ಮಳೆಯಲ್ಲಿ ನಿಂತು ಮದ್ದು ತಗೊಂಡರು. ಮರುವರ್ಷ ಹೈದರಾಬಾದು. ಅಲ್ಲಿ ಬತ್ತಿನಿ ಮನೆತನದವರು ಹಳದಿ ಮದ್ದನ್ನು ಜೀವಂತ ಮರಿಮೀನಿನ ಬಾಯಲ್ಲಿಟ್ಟು, ಮೀನನ್ನೇ ಗಂಟಲಿಗಿಳಿಸುತ್ತಾರೆ. ಕಾಸು ಕೇಳುವುದಿಲ್ಲ, ಮದ್ದಿನ ಗುಟ್ಟು ಹೇಳುವುದಿಲ್ಲ. ಕರೋನಾದಿಂದಾಗಿ 2020ರಿಂದ ನಿಂತಿದ್ದು 2023ರಲ್ಲಿ ಮತ್ತೆ ನಾಂಪಳ್ಳಿಯ ಎಕ್ಸಿಬಿಷನ್ ಮೈದಾನದಲ್ಲಿ ಸುರುವಾಯಿತು. ಮೀನು ಮುಟ್ಟದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ನಮ್ಮ ದಲಾಲರು ಬೆಲ್ಲದವರು! 45 ದಿನ ಪಥ್ಯವನ್ನೂ ಮಾಡಿದರು.

ಗುಣ ಕಂಡಿತೆ? ಕಂಡಿತು, ಆಗಸ್ಟ್ ತನಕ. ಮಾರುಕಟ್ಟೆಯಲ್ಲಿ ಮಳೆಗಾಲ ಆವಕ ಕಡಿಮೆಯ ಕಾಲ, ಧೂಳೂ ಕಡಿಮೆ. ಜನವರಿಯಲ್ಲಿ ಹೊಸ ಕಾಯಿ ಬಂತು, ದಮ್ಮೂ ಬಂತು.

ಆಮೇಲೆ ಕರಾವಳಿ ಕಡೆಯ ಒಂದು ಪ್ರಕೃತಿ ಚಿಕಿತ್ಸಾಲಯ. ಹತ್ತು ದಿನ ಮಣ್ಣಿನ ಪಟ್ಟಿ, ಹಬೆ, ಎಣ್ಣೆ ತಿಕ್ಕುವುದು, ಹಣ್ಣು-ಗಂಜಿ, ಬೆಳಿಗ್ಗೆ ಯೋಗ. ಹತ್ತೂ ರಾತ್ರಿ ನಿದ್ದೆ! ದಲಾಲರು ಹುರುಪಿನಿಂದ ಊರಿಗೆ ಬಂದರು. ಮೂರನೇ ದಿನ ಗೋದಾಮಿನ ಬಾಗಿಲು ತೆರೆದಾಗ ಮತ್ತೆ ಅದೇ ಸುಂಯ್ ಸುಂಯ್. ಗುಣ ಮಾಡಿದ್ದು ಮಣ್ಣೋ, ಗಂಜಿಯೋ, ಇಲ್ಲಾ ಹತ್ತು ದಿನ ಮೆಣಸಿನಕಾಯಿ ಧೂಳು ಕುಡಿಯದೆ ಇದ್ದದ್ದೋ? ಈ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ.

ಪುಡಿಯ ಪವಾಡ

ಅಷ್ಟರಲ್ಲಿ ಸಂತೆಯಲ್ಲಿ ಒಬ್ಬ ಪುಡಿ ಮಾರುವವ ಸಿಕ್ಕ. "ಬರೀ ಗಿಡಮೂಲಿಕೆ, ಮೂರು ದಿನಕ್ಕ ದಮ್ಮು ಬಂದ್" ಎಂದ. ಮೂರೇ ದಿನಕ್ಕೆ ನಿಂತೇ ಹೋಯಿತು! ದಲಾಲರು ಡಾಕ್ಟರು ಕೊಟ್ಟ ಪಂಪನ್ನು ಅಟ್ಟಕ್ಕೆ ಎಸೆದರು. "ಪಂಪು ಹಿಡಿದ್ರ ಚಟಾ ಆಗತೈತಿ" ಎಂಬ ಹೆದರಿಕೆ ಮೊದಲೇ ಇತ್ತು. ಒಂದೂವರೆ ವರ್ಷ ಪುಡಿ ನಡೆಯಿತು. ಮುಖ ದುಂಡಗಾಯಿತು. ಜನ "ಸಾಹುಕಾರ್ರು ಮೈ ಕೈ ತುಂಬ್ಯಾರ" ಅಂದರು. ಸಕ್ಕರೆ ಕಾಯಿಲೆ ತಲೆ ಹಾಕಿತು. ಕೈ ಎಲ್ಲಿ ತಾಗಿದರೂ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಕಪ್ಪಗೆ ಕಾಣುತ್ತಿತ್ತು.

ಒಂದು ಸಂತೆಗೆ ಪುಡಿಯವ ಬರಲಿಲ್ಲ. ಮತ್ತೊಂದಕ್ಕೂ ಇಲ್ಲ. ಡಬ್ಬಿ ಖಾಲಿಯಾಗಿ ಹತ್ತು ದಿನಕ್ಕೆ ದಲಾಲರಿಗೆ ವಾಂತಿ, ನಿಶ್ಶಕ್ತಿ, ಮೇಲೆ ದಮ್ಮು. ಅಂಗಡಿಯಲ್ಲೇ ಕುಸಿದರು. ಹುಬ್ಬಳ್ಳಿಯ ಆಸ್ಪತ್ರೆ ತಲುಪುವಾಗ ತುಟಿ ನೀಲಿ.

ಡಾಕ್ಟರು ಲಕ್ಷಣ ನೋಡಿಯೇ ಹೇಳಿದರು: ಪುಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರಬೇಕು. ಪರೀಕ್ಷೆಗೆ ಕಳಿಸಲು ಚಿಟಿಕೆ ಪುಡಿಯೂ ಉಳಿದಿರಲಿಲ್ಲ. ಸ್ಟೀರಾಯ್ಡ್ ದಿನಾ ಹೊಟ್ಟೆಗೆ ಬೀಳುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದು ಬಿಡುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ.

ಇನ್ನೂ ಮೋಜೆಂದರೆ, ದಲಾಲರು ಹೆದರಿ ಎಸೆದ ಪಂಪಿನಲ್ಲೂ ಇದ್ದದ್ದು ಸ್ಟೀರಾಯ್ಡೇ. ಆದರೆ ಅಳತೆ ನೋಡಿ! ಸಾಮಾನ್ಯ ಮಾತ್ರೆಯೊಂದರಲ್ಲಿ 5 ಮಿಲಿಗ್ರಾಂ, ಅಂದರೆ 5,000 ಮೈಕ್ರೋಗ್ರಾಂ. ಪಂಪಿನಲ್ಲಿ ಒಂದು ಸಲ ಎಳೆದರೆ ಸಿಗುವುದು 100-200 ಮೈಕ್ರೋಗ್ರಾಂ. ಮದ್ದಿನ ಜಾತಿ ಬೇರೆ ಬೇರೆ, ಆದರೂ ತಕ್ಕಡಿ ಹಿಡಿದವರಿಗೆ ವ್ಯತ್ಯಾಸ ತಿಳಿಯಲು ಇಷ್ಟು ಸಾಕು. ಮಾತ್ರೆ ಮೈಯೆಲ್ಲ ಸುತ್ತುತ್ತದೆ. ಪಂಪಿನದು ನೇರ ಶ್ವಾಸಕೋಶಕ್ಕೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರಾಯಿತು.

ಚರಕನೂ ಹೇಳಿದ್ದು ಅದನ್ನೇ

ಆಸ್ಪತ್ರೆಯಿಂದ ಬಂದ ಮೇಲೂ ದಲಾಲರಿಗೆ ನಾಟಿ ಮದ್ದಿನ ಮೇಲಿನ ಮೋಹ ಹೋಗಲಿಲ್ಲ. ಹುಬ್ಬಳ್ಳಿಯಲ್ಲೇ ಒಬ್ಬ ಹಿರಿಯ ಆಯುರ್ವೇದ ವೈದ್ಯರ ಹತ್ತಿರ ಹೋದರು. "ಪೂರ್ತಿ ಗುಣ ಆಗೂದು ಕೊಡ್ರಿ" ಎಂದರು. ವೈದ್ಯರು ನಕ್ಕರಂತೆ.

ಚರಕ ಸಂಹಿತೆ ಶ್ವಾಸರೋಗವನ್ನು ಐದು ಬಗೆ ಮಾಡಿದೆ. ದಲಾಲರದು ಅದರಲ್ಲಿ ತಮಕ ಶ್ವಾಸ. ರೋಗಿ ಕೂತರೆ ನೆಮ್ಮದಿ, ಬಿಸಿ ಪದಾರ್ಥ ಇಷ್ಟ, ಮೋಡ-ಮಳೆ-ತಂಪು ಬಂದರೆ ಉಲ್ಬಣ ಎಂದು ಕಣ್ಣಿಗೆ ಕಟ್ಟಿದಂತೆ ಅಲ್ಲಿ ಬರೆದಿದೆ. ಕಾರಣಗಳ ಪಟ್ಟಿಯಲ್ಲಿ ಧೂಳು ಇದೆ, ಹೊಗೆ ಇದೆ. ಮುಖ್ಯ ಮಾತೆಂದರೆ, ರೋಗ ಹೊಸದಿದ್ದರೆ ಗುಣವಾದೀತು, ಹಳೆಯದಾದರೆ ಅದು 'ಯಾಪ್ಯ' ಎನ್ನುತ್ತದೆ ಆ ಗ್ರಂಥ. ಯಾಪ್ಯ ಅಂದರೆ ಬೇರು ಕೀಳಲಾಗದ್ದು, ಹತೋಟಿಯಲ್ಲಿಟ್ಟುಕೊಂಡು ಬಾಳಬೇಕಾದದ್ದು.

"ಮೂರು ದಿನಕ್ಕ ಗುಣಾ ಮಾಡ್ತೇನಿ ಅನ್ನಾವ ಆಯುರ್ವೇದಾನೂ ಓದಿಲ್ಲ, ಡಾಕ್ಟರಕೀನೂ ಓದಿಲ್ಲ" ಎಂದ ವೈದ್ಯರು ಕಷಾಯ ಕೊಟ್ಟರು, ಪಥ್ಯ ಹೇಳಿದರು. ಜೊತೆಗೆ, "ಡಾಕ್ಟರ ಪಂಪು ಬಿಡಬ್ಯಾಡ್ರಿ" ಎಂದು ಚೀಟಿಯಲ್ಲೇ ಬರೆದರು.

ಎದೆ ಡಾಕ್ಟರು ಹೇಳಿದ್ದೂ ಅದೇ: "ಇದು ಸಕ್ಕರೆ ಕಾಯಿಲೆ ಇದ್ದಂಗ. ದಿನಾ ಸಂಭಾಳಿಸಬೇಕು." ಆಗ ದಲಾಲರಿಗೆ ಜ್ಞಾನೋದಯ. ಎರಡೂ ಕಡೆ ಒಂದೇ ಮಾತಾದರೆ ತಕರಾರೆಲ್ಲಿ?

ಖಾತೆ ಪುಸ್ತಕ

"ನೀವು ವ್ಯಾಪಾರಸ್ಥರು. ಉಸಿರಿನದೂ ಒಂದು ಖಾತೆ ಬರೀರಿ" ಎಂದು ಡಾಕ್ಟರು ಹೇಳಿದ್ದು ದಲಾಲರಿಗೆ ಹಿಡಿಸಿತು. ಕೆಂಪು ಬಟ್ಟೆ ಹೊದಿಕೆಯ ಹೊಸ ಖಾತೆ ಪುಸ್ತಕ ತಂದರು. ತಾರೀಖು, ಎಲ್ಲಿ ಹೋಗಿದ್ದು, ಏನು ತಿಂದದ್ದು, ರಾತ್ರಿ ಎಚ್ಚರ ಎಷ್ಟು ಸಲ, ಪಂಪು ಎಷ್ಟು ಸಲ. ಬೆಳಿಗ್ಗೆ-ಸಂಜೆ ಒಂದು ಪ್ಲಾಸ್ಟಿಕ್ ಕೊಳವೆಗೆ ಜೋರಾಗಿ ಊದಿ, ಮುಳ್ಳು ತೋರಿಸಿದ ಅಂಕಿಯನ್ನೂ ಬರೆಯುವುದು. ಉಸಿರಿನ ನಾಳ ಬಿಗಿದರೆ ಅಂಕಿ ಇಳಿಯುತ್ತದೆ. ಎಷ್ಟೋ ಸಲ ರೋಗಿಗೆ ಗೊತ್ತಾಗುವ ಮುಂಚೆಯೇ ಇಳಿಯುತ್ತದೆ.

ಮೂರು ತಿಂಗಳಿಗೆ ಲೆಕ್ಕ ತೆಗೆದರು. ಹತ್ತು ವರ್ಷದಿಂದ ಬಿಟ್ಟಿದ್ದ ಬಾಳೆಹಣ್ಣು, ಮೊಸರು ಎರಡೂ ನಿರಪರಾಧಿ! ಅಪರಾಧಿಗಳು ಬೇರೆಯೇ ಇದ್ದರು. ಒಂದು, ಖಾಲಿ ಚೀಲ ಜಾಡಿಸುವ ದಿನ. ಎರಡು, ನಸುಗತ್ತಲ ಹಳೇ ಗೋದಾಮಿನ ಬೂಷ್ಟು. ಮೂರು, ಅಂಗಡಿ ಪೂಜೆಗೆ ಮುಷ್ಟಿಗಟ್ಟಲೆ ಹಚ್ಚುವ ಊದಿನಕಡ್ಡಿ. ನಾಲ್ಕು, ಮನೆ ಹಿತ್ತಲಲ್ಲಿ ಹೂ ಬಿಟ್ಟ ಕಾಂಗ್ರೆಸ್ ಕಸ.

ಮೆಣಸಿನಕಾಯಿ ಘಾಟು ಎಲ್ಲರನ್ನೂ ಕೆಮ್ಮಿಸುತ್ತದೆ. ಅದು ಅಲರ್ಜಿಯಲ್ಲ, ಉರಿ. ಆದರೆ ದಮ್ಮಿನವರ ಉಸಿರಿನ ನಾಳ ಮೊದಲೇ ಊದಿಕೊಂಡಿರುತ್ತದೆ. ಅದಕ್ಕೆ ಎಲ್ಲರ ಕೆಮ್ಮು ಅವರಿಗೆ ಉಸಿರುಗಟ್ಟು.

ಈಗ ಚೀಲ ಜಾಡಿಸುವುದು ಅಂಗಡಿಯ ಹಿಂದೆ, ಗಾಳಿ ಅತ್ತ ಬೀಸುವಾಗ. ಗುಡಿಸುವ ಮುಂಚೆ ನೀರು ಚಿಮುಕಿಸುವುದು. ಪೂಜೆಗೆ ಎಣ್ಣೆ ದೀಪ ಸಾಕು. ಹಿತ್ತಲ ಕಾಂಗ್ರೆಸ್ಸನ್ನು ಹೂ ಬಿಡುವ ಮೊದಲೇ ಕೀಳುವುದು, ಅದೂ ಬೇರೆಯವರು, ಕೈಗೆ ಚೀಲ ಕಟ್ಟಿಕೊಂಡು. ಹಾಸಿಗೆ ವಾರಕ್ಕೊಮ್ಮೆ ಬಿಸಿಲಿಗೆ. ಟೆಂಡರಿನ ದಿನ ರಾಶಿಗಳ ನಡುವೆ ಮಗ ಓಡಾಡುತ್ತಾನೆ. ದಲಾಲರು ಮುಖಕ್ಕೆ ಗಟ್ಟಿ ಮಾಸ್ಕು ಹಾಕಿ ಅಂಗಡಿ ಕಟ್ಟೆಯ ಮೇಲೆ ಲೆಕ್ಕ ನೋಡುತ್ತಾರೆ. ದಿನಕ್ಕೆರಡು ಸಲ ಪಂಪು, ಗುಣ ಕಂಡರೂ ತಪ್ಪಿಸದೆ.

ಯೋಗದ ಪಾಲು ಎಷ್ಟು?

ಬೆಳಿಗ್ಗೆ ಒಂದು ತಾಸು ಯೋಗ ಮಾತ್ರ ದಲಾಲರು ಬಿಟ್ಟಿಲ್ಲ. ಇದು ಬರೀ ನಂಬಿಕೆಯಲ್ಲ. 1985ರಲ್ಲಿ ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. 53 ಜನ ದಮ್ಮಿನ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ದಿನಾ 65 ನಿಮಿಷ ಮಾಡಲು ಹೇಳಿದರು. ಅಷ್ಟೇ ಮಂದಿಯ ಇನ್ನೊಂದು ಗುಂಪಿಗೆ ಮಾಮೂಲಿ ಔಷಧ ಮಾತ್ರ. ಯೋಗದವರಿಗೆ ದಮ್ಮು ಹತ್ತುವುದು ಕಡಿಮೆಯಾಯಿತು, ಔಷಧವೂ ಕಡಿಮೆ ಸಾಕಾಯಿತು. 2016ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಣಿತರು ಇಂಥ 15 ಅಧ್ಯಯನ ಒಟ್ಟುಗೂಡಿಸಿ ನೋಡಿ, ಲಾಭ ಇರಬಹುದು, ಆದರೆ ಸಣ್ಣದು ಎಂದರು. ಅಂದರೆ ಯೋಗ ದಮ್ಮಿನವರಿಗೆ ಒಳ್ಳೇ ಜೊತೆಗಾರ, ಪಂಪಿನ ಬದಲಿಗೆ ಬರುವ ಆಳಲ್ಲ.

ದಮ್ಮು ಹತ್ತಿದಾಗ ಕಪಾಲಭಾತಿ ಬೇಡ. ಮೂಗು ತೊಳೆಯುವ ನೇತಿಗೆ ಕುದಿಸಿ ಆರಿಸಿದ ನೀರೇ ಬೇಕು. ತಕ್ಷಣ ಆರಾಮ ಕೊಡುವ ನೀಲಿ ಪಂಪೊಂದನ್ನೇ ನಂಬಿ ಕೂರಬಾರದೆಂದು ಗಿನಾ ಎಂಬ ಜಾಗತಿಕ ತಜ್ಞರ ಕೂಟವೂ 2019ರಿಂದ ಸಾರುತ್ತಿದೆ. ಉಬ್ಬು ಇಳಿಸುವ ಪಂಪು ಜೊತೆಗಿರಬೇಕು. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಪಂಪು ಎಳೆದರೂ ಆರಾಮ ನಿಲ್ಲದಿದ್ದರೆ ಕಷಾಯ ಕಾಸುತ್ತ ಕೂರುವ ಹೊತ್ತಲ್ಲ. ಸಿಕ್ಕ ಗಾಡಿ ಹತ್ತಿ ಆಸ್ಪತ್ರೆಗೆ!

ಕಿಲೋ ಲೆಕ್ಕದ ಉಸಿರು

ದಲಾಲರ ದಮ್ಮು ಹೋಗಿಲ್ಲ. ಆದರೆ ಎರಡು ವರ್ಷದಿಂದ ಆಸ್ಪತ್ರೆಯ ಮಂಚ ಹತ್ತಿಲ್ಲ, ಅಂಗಡಿಯ ಬಾಗಿಲೂ ಮುಚ್ಚಿಲ್ಲ. "ಮೊದಲ ದಮ್ಮು ನನ್ನ ಆಳತಿತ್ತು. ಈಗ ನಾ ಅದರ ಕೂಡ ಹೊಂದಾಣಿಕಿ ಮಾಡ್ಕೊಂಡೇನಿ" ಅನ್ನುತ್ತಾರೆ.

ಅದೇ ಅಂಗಡಿಯ ನೆರಳಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳಿದ್ದಾರೆ. ಮೂಗಿಗೆ ಸೀರೆ ಸೆರಗೇ ಮಾಸ್ಕು. ಕೂಲಿ ಕಿಲೋ ಲೆಕ್ಕ. ಕೈ ನಿಂತರೆ ಕಾಸೂ ನಿಂತಿತು. ದಲಾಲರು ಮಾಸ್ಕು ತರಿಸಿಕೊಟ್ಟರು. "ಸೆಕಿಗೆ ಜೀವಾ ಹೋಗತೈತ್ರಿ ಅಣ್ಣಾರ" ಎಂದು ಅರ್ಧ ತಾಸಿಗೆ ತೆಗೆದಿಟ್ಟರು. ಅವರಲ್ಲೊಬ್ಬಾಕೆಗೆ ನಾಲ್ಕು ವರ್ಷದಿಂದ ರಾತ್ರಿ ಕೆಮ್ಮು. "ನೆಗಡಿ ಅದ, ಹೊಕ್ಕೈತಿ ಬಿಡ್ರಿ" ಅನ್ನುತ್ತಿದ್ದಳು. ಕಳೆದ ವಾರ ದಲಾಲರು ತಮ್ಮ ಪ್ಲಾಸ್ಟಿಕ್ ಕೊಳವೆಯಂಥದೇ ಹೊಸದೊಂದನ್ನು ತರಿಸಿ ಆಕೆಯ ಕೈಗಿತ್ತು ಊದಿಸಿದರು. ಮುಳ್ಳು ಅರ್ಧಕ್ಕೂ ಏರಲಿಲ್ಲ. ಮರುದಿನವೇ ಮಗನ ಜೊತೆ ಆಸ್ಪತ್ರೆಗೆ ಕಳಿಸಿದರು. ಆ ದಿನದ ಕೂಲಿ ಕಡಿಯಲಿಲ್ಲ.

ಕೆಂಪು ಖಾತೆಯಲ್ಲಿ ಈಗ ಎರಡು ಹೆಸರಿವೆ. ಪೇಟೆಯಲ್ಲಿ ದಲಾಲಿ ಅಂಗಡಿಗಳು ನೂರಾರು. ಉಳಿದವರೂ ಒಂದೊಂದು ಪುಟ ತೆರೆದರೆ?