ತಟ್ಟೆಯಿಂದ ಎತ್ತಿದ ತಾಳ

1980ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ಹಿಪ್-ಹಾಪ್ ಸಂಗೀತಗಾರರು ಒಂದು ವಿಚಿತ್ರ ಕೆಲಸ ಮಾಡುತ್ತಿದ್ದರು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಎಲ್‌ಪಿ ರೆಕಾರ್ಡನ್ನು ಬೇಕೆಂದೇ 45ರ ವೇಗಕ್ಕೆ ಹಾಕುತ್ತಿದ್ದರು. ಡ್ರಮ್ಮಿನ ಸದ್ದು ಕೀಚಲಾಗಿ ಓಡುತ್ತಿತ್ತು. ಅದನ್ನು ಹಾಗೇ ಯಂತ್ರಕ್ಕೆ ತುಂಬಿಸಿ, ಆಮೇಲೆ ಯಂತ್ರದೊಳಗೆ ನಿಧಾನ ಮಾಡಿ ಮೊದಲಿನ ಲಯಕ್ಕೆ ತರುತ್ತಿದ್ದರು. ಯಂತ್ರದಲ್ಲಿ ಜಾಗ ಸಾಲುತ್ತಿರಲಿಲ್ಲ, ಅದಕ್ಕೇ ಈ ಸರ್ಕಸ್ಸು.

ಹಳೆಯ ಧ್ವನಿಮುದ್ರಣದ ತುಣುಕೊಂದನ್ನು ಎತ್ತಿ ಹೊಸ ಹಾಡು ಕಟ್ಟುವುದೇ ಸ್ಯಾಂಪ್ಲಿಂಗ್. ಅದರ ಬೇರು ರೆಕಾರ್ಡುಗಳಲ್ಲೇ ಇದೆ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಭಾಗದ ಡಿಜೆ ಕೂಲ್ ಹರ್ಕ್ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು, ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ ಮಾತ್ರ ನುಡಿಯುವ ಭಾಗವನ್ನು ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸಿದ. ಕೈಚಳಕದ ಆ ಕೆಲಸವನ್ನು ಮುಂದೆ ಸ್ಯಾಂಪ್ಲರ್ ಯಂತ್ರ ವಹಿಸಿಕೊಂಡಿತು. ಅಂಥ ಯಂತ್ರಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಇ-ಮು ಕಂಪನಿ 1987ರಲ್ಲಿ ತಂದ ಎಸ್‌ಪಿ-1200. ಅದರ ನೆನಪಿನಲ್ಲಿ ಹಿಡಿಸುತ್ತಿದ್ದದ್ದು ಒಟ್ಟು 10 ಸೆಕೆಂಡಿನ ಸದ್ದು. ಒಂದೊಂದು ತುಣುಕಿಗೆ ಹೆಚ್ಚೆಂದರೆ 2.5 ಸೆಕೆಂಡು. ರೆಕಾರ್ಡನ್ನು 45ರಲ್ಲಿ ಓಡಿಸಿದರೆ ಅಷ್ಟೇ ಜಾಗದಲ್ಲಿ ಸುಮಾರು 3.4 ಸೆಕೆಂಡಿನ ಸಂಗೀತ ಸೇರುತ್ತಿತ್ತು.

ಈ ಉಳಿತಾಯ ಪುಕ್ಕಟೆ ಸಿಗುತ್ತಿರಲಿಲ್ಲ. ಎಸ್‌ಪಿ-1200 ಸದ್ದನ್ನು ಸೆಕೆಂಡಿಗೆ ಸುಮಾರು 26,000 ಸಲ ಅಳೆಯುತ್ತದೆ. ಅಳತೆಯ ಅರ್ಧದಷ್ಟು ಕಂಪನಾಂಕದವರೆಗೆ ಮಾತ್ರ ಸದ್ದನ್ನು ಹಿಡಿಯಲು ಸಾಧ್ಯ. ಅಂದರೆ 13,000 ಹರ್ಟ್ಸ್. ತುಣುಕನ್ನು ನಿಧಾನ ಮಾಡಿದಾಗ ಆ ಮಿತಿ 9,600ರ ಆಸುಪಾಸಿಗೆ ಕುಸಿಯುತ್ತದೆ. ಸಿಂಬಲ್ಲಿನ ಹೊಳಪು ಮಾಯವಾಗಿ ಸದ್ದು ದಪ್ಪವಾಗುತ್ತದೆ. ಜೊತೆಗೆ ಇದು 12 ಬಿಟ್‌ನ ಯಂತ್ರ: ಸದ್ದಿನ ಏರಿಳಿತವನ್ನು 4,096 ಮೆಟ್ಟಿಲುಗಳಲ್ಲಿ ಬರೆದಿಡುತ್ತದೆ. ಸಿ.ಡಿ.ಯಲ್ಲಿ ಈ ಮೆಟ್ಟಿಲುಗಳು 65,536. ಆ ಕಾಲದ ಹಿಪ್-ಹಾಪ್‌ನ ಒರಟು ಡ್ರಮ್ ಕೇಳಿ "ಆಹಾ, ವಿನೈಲ್ ರೆಕಾರ್ಡು!" ಎನ್ನುವವರು ಮೆಚ್ಚುತ್ತಿರುವುದರಲ್ಲಿ ದೊಡ್ಡ ಪಾಲು ಈ ಯಂತ್ರದ ಕೊರತೆಯದ್ದು.

ಹಾಗಾದರೆ ರೆಕಾರ್ಡಿನ ಪಾಲೆಷ್ಟು? ಹನ್ನೆರಡು ಇಂಚಿನ ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಮುಳ್ಳಿನ ಕೆಳಗೆ ಗೀರು ಓಡುವ ವೇಗ ಎಲ್ಲೆಡೆ ಒಂದೇ ಅಲ್ಲ. ಹೊರ ಅಂಚಿನಲ್ಲಿ ಅದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್, ಒಳಗೆ ಲೇಬಲ್ಲಿನ ಹತ್ತಿರ ಬರೀ 21. ಹತ್ತು ಸಾವಿರ ಹರ್ಟ್ಸ್‌ನ ಒಂದು ಅಲೆಗೆ ಅಂಚಿನಲ್ಲಿ 51 ಮೈಕ್ರಾನ್ ಜಾಗವಿದ್ದರೆ ಒಳಗೆ 21 ಮೈಕ್ರಾನಿನಲ್ಲೇ ಮುದುಡಿಕೊಳ್ಳಬೇಕು. ಅಷ್ಟು ಇಕ್ಕಟ್ಟಿನ ತಿರುವುಗಳಲ್ಲಿ ಮುಳ್ಳು ತಡವರಿಸುತ್ತದೆ. ತಟ್ಟೆಯ ಒಂದು ಬದಿಯ ಕೊನೆಯ, ಅಂದರೆ ಒಳಗಿನ, ಹಾಡಿನಿಂದ ಎತ್ತಿದ ಡ್ರಮ್, ಮೊದಲ ಹಾಡಿನದಕ್ಕಿಂತ ಮಂಕಾಗುವುದು ಇದರಿಂದಲೇ. ಮೇಲೆ ದೂಳಿನ ಚಟಪಟ. ತಟ್ಟೆಯ ನಡುವಿನ ತೂತು ಕೂದಲೆಳೆಯಷ್ಟು ಅತ್ತಿತ್ತ ಇದ್ದರೂ ಸುತ್ತು ಸುತ್ತಿಗೂ ಶ್ರುತಿ ತೂಗಾಡುತ್ತದೆ.

ಇನ್ನೊಂದು ಮಿತಿ ಸ್ಟೀರಿಯೊದ್ದು. ಗೀರಿನ ಒಂದು ಗೋಡೆಯಲ್ಲಿ ಎಡ ಕಿವಿಯ ಸದ್ದು, ಇನ್ನೊಂದರಲ್ಲಿ ಬಲ ಕಿವಿಯದು. 1960ರ ದಶಕದ ಎಷ್ಟೋ ಮುದ್ರಣಗಳಲ್ಲಿ ಡ್ರಮ್ ಪೂರ್ತಿ ಒಂದೇ ಬದಿಗಿರುತ್ತದೆ. ಆ ಬದಿಯನ್ನಷ್ಟೇ ಎತ್ತಿಕೊಂಡರೆ ಡ್ರಮ್ ಬಿಡಿಯಾಗಿ ಸಿಗಬೇಕು. ಆದರೆ ಎರಡೂ ಗೋಡೆಗಳನ್ನು ಒಂದೇ ಮುಳ್ಳು ಸವರುವುದರಿಂದ ಆಚೆ ಬದಿಯ ಹಾಡು ಈಚೆಗೂ ತುಸು ಸೋರುತ್ತದೆ. ಸಿ.ಡಿ.ಯಲ್ಲಿ ಆ ಸೋರಿಕೆ ಕಿವಿಗೆ ಸಿಗದಷ್ಟು ಕಡಿಮೆ.

ಡಿಜಿಟಲ್ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಫೈಲಿನ ಗಾತ್ರ ಸಿ.ಡಿ.ಯ ಮಾಹಿತಿಯ ಹನ್ನೊಂದರಲ್ಲಿ ಒಂದು ಪಾಲು. ಜೋರು ಸದ್ದಿನ ಮರೆಯಲ್ಲಿರುವ ಮೆಲು ಸದ್ದು ಕಿವಿಗೆ ಬೀಳುವುದಿಲ್ಲ ಎಂಬ ಲೆಕ್ಕದಲ್ಲಿ ಅದು ಮಿಕ್ಕದ್ದನ್ನು ಕೈಬಿಟ್ಟಿರುತ್ತದೆ. ಸುಮ್ಮನೆ ಕೇಳುವವರಿಗೆ ಅಷ್ಟು ಸಾಕು. ಸ್ಯಾಂಪ್ಲಿಂಗ್ ಮಾಡುವವರು ಮಾತ್ರ ಸದ್ದನ್ನು ಹಿಗ್ಗಿಸುತ್ತಾರೆ, ಇಳಿಸುತ್ತಾರೆ, ಬೇಸ್ ತೆಗೆದು ಟ್ರೆಬಲ್ ಉಳಿಸುತ್ತಾರೆ. ಆಗ ಮರೆಯೇ ಇಲ್ಲವಾಗಿ, ಕತ್ತರಿಸಿದ ಜಾಗಗಳು ಬಯಲಾಗುತ್ತವೆ. ಎಂಪಿ3 ಎಂದರೆ ದರ್ಜಿ ಒಳಗೆ ಬಟ್ಟೆಯೇ ಬಿಡದೆ ಹೊಲಿದ ಅಂಗಿ. ಮೈಗೆ ಸರಿಯಾಗಿ ಕೂರುತ್ತದೆ, ಆದರೆ ಬಿಚ್ಚಿ ಸಡಿಲಿಸಲು ಬರುವುದಿಲ್ಲ. ಡ್ರಮ್ಮಿನಲ್ಲಿ ಇದನ್ನು ಹಿಡಿಯುವುದು ಸುಲಭ. ಎಂಪಿ3 ಸದ್ದನ್ನು ಸುಮಾರು 13 ಮಿಲಿಸೆಕೆಂಡಿನ ತುಂಡುಗಳಾಗಿ ಲೆಕ್ಕ ಹಾಕುವುದರಿಂದ, ಪೆಟ್ಟು ಬೀಳುವ ಮೊದಲೇ ಸಣ್ಣ ಸರಸರ ಸದ್ದೊಂದು ಇಣುಕಬಹುದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ಎರಡರಷ್ಟು ಉದ್ದವಾಗಿ, ಪೆಟ್ಟಿನ ಮೊನೆಯೇ ಮೊಂಡಾಗುತ್ತದೆ.

ಸಿ.ಡಿ.ಗಳಲ್ಲೂ ನೋಡಿಕೊಳ್ಳಬೇಕಾದ್ದೊಂದಿದೆ. 1990ರ ದಶಕದಿಂದೀಚೆಗೆ ಹಳೆಯ ಹಾಡುಗಳನ್ನು ಮರುಮುದ್ರಿಸುವಾಗ ಜೋರಾಗಿ ಕೇಳಿಸಲೆಂದು ಸದ್ದಿನ ತುದಿಗಳನ್ನು ತಗ್ಗಿಸಿರುವುದುಂಟು. ತುದಿ ಹೋದರೆ ಡ್ರಮ್ಮಿನ ಗುದ್ದೂ ಹೋಯಿತು. ಅಂಥ ಕಡೆ ಹಳೆಯ ತಟ್ಟೆಯದೇ ಮೇಲುಗೈ. ಡಿಜಿಟಲ್ ರೂಪಕ್ಕೆ ಬಾರದೇ ಉಳಿದ ಸಂಗೀತಕ್ಕಂತೂ ತಟ್ಟೆ ಬಿಟ್ಟರೆ ಬೇರೆ ದಾರಿಯಿಲ್ಲ.

ಬೀಟ್ ಕಟ್ಟುವ ಹುಮ್ಮಸ್ಸಿರುವವರು ಇಷ್ಟು ಮಾಡಿ. ಹಾಡಿನ ಒಳ್ಳೆಯ ಸಿ.ಡಿ. ಅಥವಾ ಏನನ್ನೂ ಕೈಬಿಡದೆ ಉಳಿಸಿಕೊಳ್ಳುವ ಫ್ಲ್ಯಾಕ್ ಫೈಲ್ ಸಿಕ್ಕರೆ ಅದನ್ನೇ ಬಳಸಿ. ಒರಟುತನ ಬೇಕಿದ್ದರೆ ಆಮೇಲೆ ಸೇರಿಸಿಕೊಳ್ಳಬಹುದು. ರೆಕಾರ್ಡೇ ಗತಿಯಾದರೆ ತಟ್ಟೆ ತೊಳೆದು, ಮುಳ್ಳು ಒರೆಸಿ, ಸರಿಯಾದ ವೇಗದಲ್ಲೇ 24 ಬಿಟ್‌ನಲ್ಲಿ ತುಂಬಿಸಿಕೊಳ್ಳಿ. ಈಗಿನ ಕಂಪ್ಯೂಟರಿನಲ್ಲಿ ಜಾಗಕ್ಕೆ ಬರವಿಲ್ಲ. ತಟ್ಟೆಯ ಚಟಪಟವನ್ನು ಸಾಕಷ್ಟು ಅಳಿಸಬಹುದು, ಆದರೆ ಎಂಪಿ3 ಕೈಬಿಟ್ಟ ಸದ್ದನ್ನು ಇದ್ದಂತೆಯೇ ಮರಳಿ ತರಲು ಬರುವುದಿಲ್ಲ.