ಕಲ್ಲಿನ ಪಿಸ್ತೂಲು, ಕೇಪಿನ ಪಿಸ್ತೂಲು



ದೀಪಾವಳಿಗೆ ನಿಮ್ಮ ಬಿಲ್ಡಿಂಗಿನ ಅಂಗಳದಲ್ಲಿ ಮಕ್ಕಳು ಆಟದ ಪಿಸ್ತೂಲಿಗೆ ಹಾಕಿ ಸಿಡಿಸುವ ‘ಟಿಕಲಿ’ಯನ್ನು ನಮ್ಮೂರ ಕಡೆ ‘ಕೇಪು’ ಎನ್ನುತ್ತಾರೆ. ಹಳೆಯ ಪಿಸ್ತೂಲು ಸಂಗ್ರಹಿಸುವವರ ಮಟ್ಟಿಗೆ ಆ ಕೇಪು ಒಂದು ಗಡಿಗಲ್ಲು. ಅದಕ್ಕಿಂತ ಮುಂಚಿನವು ಚಕಮಕಿ ಕಲ್ಲಿನ ಪಿಸ್ತೂಲುಗಳು, ಅನಂತರದವು ಕೇಪಿನವು.

ಇದರಿಂದ ನಿಮಗೇನಾಗಬೇಕು ಎನ್ನುತ್ತೀರಾ? ಕಲ್ಲಿನ ಪಿಸ್ತೂಲುಗಳಲ್ಲಿ ಇಂದು ಹೆಚ್ಚು ಬೇಡಿಕೆಯಿರುವ ಕೆಲವು ತಯಾರಾದದ್ದು ಕನ್ನಡ ನೆಲದಲ್ಲಿ, ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆ ಟಿಪ್ಪುವಿನ ಆಯುಧಗಳ ಒಂದು ಸಂಗ್ರಹವನ್ನು ಹರಾಜಿಗಿಟ್ಟಾಗ ಸುಮಾರು 60 ಲಕ್ಷ ಪೌಂಡು ಬಂತು. ಟಿಪ್ಪುವನ್ನು ಕುರಿತ ವಾದವಿವಾದ ಇಲ್ಲಿ ಬೇಡ. ಅವನ ಕುಶಲಕರ್ಮಿಗಳ ಕೈಚಳಕದ ವಿಷಯದಲ್ಲಂತೂ ಭಿನ್ನಾಭಿಪ್ರಾಯವಿಲ್ಲ.

ಆ ಪಿಸ್ತೂಲುಗಳನ್ನು ಗುರುತಿಸುವುದು ಹೇಗೆ? ಹುಲಿಯ ಗುರುತು ಮೊದಲನೆಯದು. ಹುಲಿಮುಖ, ಹುಲಿಪಟ್ಟೆ ಎಲ್ಲೆಲ್ಲೂ ಇಣುಕುತ್ತವೆ. ಕೆಲವು ಜೋಡಿಗಳಲ್ಲಿ ಕಿಡಿ ಹಾರಿಸುವ ಲಾಕು ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ. ಇನ್ನು ಇಸವಿ. ನಳಿಗೆಯ ಮೇಲೆ ಪರ್ಷಿಯನ್ ಲಿಪಿಯಲ್ಲಿ ತಯಾರಾದ ಊರು (‘ಪಟನ್’ ಎಂದರೆ ನಮ್ಮ ಶ್ರೀರಂಗಪಟ್ಟಣ) ಮತ್ತು ವರ್ಷವನ್ನು ಕೆತ್ತುತ್ತಿದ್ದರು. ಟಿಪ್ಪು ಮೊದಲು ಬಳಸಿದ್ದು ಹಿಜರಿ ಶಕೆ. 1787ರ ಸುಮಾರಿಗೆ ತನ್ನದೇ ಆದ ಮೌಲೂದಿ ಶಕೆಗೆ ಬದಲಾಯಿಸಿದ. ಇದರ ವರ್ಷಗಳು ನಮ್ಮ ಅರವತ್ತು ಸಂವತ್ಸರಗಳ ಚಕ್ರಕ್ಕೆ ಹೊಂದಿಕೊಂಡಿದ್ದವು ಎಂದರೆ ನಿಮಗೆ ಆಶ್ಚರ್ಯವಾದೀತು. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಇಸವಿ ಸಿಗುತ್ತದೆ; 1224 ಎಂದರೆ 1796. ಅವನ ನಾಣ್ಯಗಳಲ್ಲಿ ಮೌಲೂದಿ ಅಂಕಿಗಳು ಬಲದಿಂದ ಎಡಕ್ಕಿವೆ. 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ!

ಕಲ್ಲಿನ ಪಿಸ್ತೂಲಿನಲ್ಲಿ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲಿನ ಚೂರು ಇರುತ್ತದೆ. ಟ್ರಿಗರ್ ಎಳೆದಾಗ ಕಲ್ಲು ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರುತ್ತದೆ. ಕಿಡಿ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ಬಿದ್ದು, ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ಹೋಗುತ್ತದೆ. ಮಳೆ ಬಂದರೆ ಬಟ್ಟಲಿನ ಮದ್ದು ಒದ್ದೆ, ಪಿಸ್ತೂಲು ಬರೀ ಕಬ್ಬಿಣ. ನಮ್ಮ ಮಲೆನಾಡಿನ ಆಷಾಢದಲ್ಲಿ ಅದರ ಪಾಡು ಏನಾಗಿರಬೇಕು ನೀವೇ ಊಹಿಸಿ.

1807ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೊರ್ಸಿತ್ ಎಂಬ ಪಾದ್ರಿ, ಏಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ ಪೇಟೆಂಟ್ ಪಡೆದರು. ಮುಂದೆ ಅದು ತಾಮ್ರದ ಕೇಪಿನ ರೂಪ ತಾಳಿತು. ಆಗ ಜನ ತಮ್ಮ ಹಳೆಯ ಪಿಸ್ತೂಲುಗಳನ್ನು ಬಿಸಾಡಲಿಲ್ಲ. ಬಟ್ಟಲು, ಉಕ್ಕಿನ ಪಟ್ಟಿ ತೆಗೆಸಿ, ಕೇಪು ಕೂರಿಸುವ ಮೋಟು ಕೊಳವೆ ಹಾಕಿಸಿ, ಕಲ್ಲು ಕಚ್ಚುವ ಕುದುರೆಯ ಜಾಗದಲ್ಲಿ ಸುತ್ತಿಗೆಯಂಥ ಕುದುರೆ ಇಡಿಸಿದರು. ಹಳೆಯ ಸ್ಕ್ರೂ ತೂತು ಮುಚ್ಚಿದ ಕಲೆ ಲಾಕಿನ ತಗಡಿನ ಮೇಲೆ ಉಳಿಯುತ್ತದೆ.

ಟಿಪ್ಪು ಮಡಿದದ್ದು 1799ರ ಮೇ 4ರಂದು. ಹಾಗಾದರೆ ‘ಟಿಪ್ಪುವಿನದು’ ಎನ್ನುವ ಪಿಸ್ತೂಲಿನಲ್ಲಿ ಕೇಪಿನ ಕೊಳವೆ ಕಂಡರೆ? ಒಂದೋ ಅದು ನಕಲಿ, ಇಲ್ಲವೇ ಆಮೇಲೆ ಬದಲಾಯಿಸಿದ್ದು. ಬದಲಾಯಿಸಿದ್ದಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ನನಗಂತೂ ಇದು ಒಪ್ಪಿಗೆಯಿಲ್ಲ. ಆ ಯುದ್ಧಕ್ಕೆ ಜನರಲ್ ಸ್ಟುವರ್ಟನ ಕೈಕೆಳಗೆ ಮುಂಬಯಿ ಸೈನ್ಯವೂ ಕೊಡಗಿನ ದಾರಿಯಾಗಿ ಬಂದಿತ್ತು. ಪಟ್ಟಣ ಬಿದ್ದ ಮೇಲೆ ಆಯುಧಗಳು ದಿಕ್ಕುದಿಕ್ಕಿಗೆ ಚದುರಿಹೋದವು. ಕೇಪು ಹಾಕಿಸಿಕೊಂಡ ಪಿಸ್ತೂಲೆಂದರೆ ಆ ಬಳಿಕವೂ ಹಲವು ದಶಕ ಯಾರದೋ ಸೊಂಟದಲ್ಲಿ ದುಡಿದದ್ದು. ಗಾಜಿನ ಪೆಟ್ಟಿಗೆಯಲ್ಲೇ ಮುದಿಯಾದದ್ದಕ್ಕಿಂತ ಅದಕ್ಕೆ ಹೆಚ್ಚು ಕತೆ ಗೊತ್ತು.

ಕಣ್ಣು ಪಳಗಿಸಿಕೊಳ್ಳಲು ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಆಯುಧಗಳ ಗ್ಯಾಲರಿಗೆ ಹೋಗಿ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಿತ್ತಾಳೆ ಬಡಿದ ‘ಪುರಾತನ’ ಪಿಸ್ತೂಲು ಕಂಡರೆ ನೋಡಿ ಖುಷಿಪಡಿ, ಜೇಬು ಮುಟ್ಟಬೇಡಿ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಮನೆಯ ಅಟ್ಟದಲ್ಲೇ ಇಂಥದ್ದು ಸಿಕ್ಕಿದರೆ? ಮೊದಲನೆಯದಾಗಿ ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡಿ, ಕುದುರೆ ಎಳೆದು ನೋಡಬೇಡಿ. ಮದ್ದುಗುಂಡು ತುಂಬಿಟ್ಟು ಮರೆತ ಹಳೆಯ ಕೋವಿಗಳು ಬಹಳ ವರ್ಷದ ಮೇಲೂ ಸಿಡಿಯಬಲ್ಲವು. ಠಾಣೆಗೆ ತಿಳಿಸಿ, ತಿಳಿದವರಿಂದ ಪರೀಕ್ಷೆ ಮಾಡಿಸಿ. 1959ರ ಆಯುಧ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಅದು ಹಾರದಂತಿದ್ದರೆ ಮಾತ್ರ. ನೂರು ವರ್ಷ ದಾಟಿದ್ದನ್ನು ವಿದೇಶದ ನೆಂಟರಿಗೆ ಕಳಿಸುವ ಹಾಗೂ ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ, ಅಕ್ಷರಗಳು ಅಳಿಸಿಹೋಗುತ್ತವೆ.

ಕಲ್ಲಿನದೋ ಕೇಪಿನದೋ ಎಂಬುದನ್ನು ಲಾಕು ಹೇಳುತ್ತದೆ. ಅದು ನಿಮ್ಮ ಮನೆಗೆ ಯಾರ ಕೈಯಿಂದ ಬಂತು, ಯಾವಾಗ ಬಂತು ಎಂಬುದನ್ನು ಹೇಳಬಲ್ಲವರು ಅಜ್ಜಿ ಒಬ್ಬರೇ. ಅವರ ಪಕ್ಕ ಕೂತು ಕೇಳಿ, ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.